ರೈಲಿಳಿದ ಮೇಲಿನ ದಾರಿ ವಿಹಾರವಲ್ಲ

ಮಾನ್ಯ ಸಂಪಾದಕರೇ,

ಸ್ವಿಟ್ಜರ್ಲೆಂಡಿನ ಸ್ಕೀ ಯಾನದ ಬಗ್ಗೆ ತಮ್ಮ ಪ್ರವಾಸ ಪುರವಣಿಯಲ್ಲಿ ಈಚೆಗೆ ಬಂದ ಲೇಖನವನ್ನು ಓದಿದವರಿಗೆ, ಯುಂಗ್‌ಫ್ರಾಯೋಖ್‌ನಲ್ಲಿ ರೈಲಿಳಿದು ಸ್ಕೀ ಕಟ್ಟಿಕೊಂಡರೆ 4,274 ಮೀಟರಿನ ಫಿನ್‌ಸ್ಟರಾರ್‌ಹಾರ್ನ್ ಶಿಖರ ಎರಡು ದಿನದ ವಿಹಾರವಷ್ಟೇ ಎನಿಸಿದರೆ ಆಶ್ಚರ್ಯವಿಲ್ಲ. ದಿನದ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಇಂಥ ಯಾನವನ್ನು ಯೋಜಿಸುವಾಗ ಮೊದಲು ನಿಶ್ಚಯಿಸಬೇಕಾದದ್ದು ಹೊರಬರುವ ದಾರಿ. ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ.

3,454 ಮೀಟರ್ ಎತ್ತರದ ಆ ನಿಲ್ದಾಣಕ್ಕೆ 1912ರಿಂದ ರೈಲು ಓಡುತ್ತಿದೆ. ಅಲ್ಲಿಂದ ಅಲೆಚ್ ಹಿಮನದಿಯ ಮೇಲೆ, ಹಿಮನದಿಗಳು ಕೂಡುವ ಕೊಂಕಾರ್ಡಿಯಾಪ್ಲಾಟ್ಸ್ ಬಯಲಿನವರೆಗೆ ಸುಮಾರು 700 ಮೀಟರ್ ಇಳಿತವಿದ್ದು, ಹೆಚ್ಚು ದಣಿಯದೆ ಜಾರಿಕೊಂಡು ಹೋಗಬಹುದು. ಮೋಸ ಹೋಗುವುದೂ ಇಲ್ಲಿಯೇ. ಮುಂದೆ 3,280 ಮೀಟರಿನ ಗ್ರೂನ್‌ಹಾರ್ನ್‌ಲ್ಯೂಕೆ ಘಾಟಿಯನ್ನು ದಾಟಿ, 3,048 ಮೀಟರಿನಲ್ಲಿರುವ ಪರ್ವತಾರೋಹಿಗಳ ವಸತಿಯನ್ನು ಸೇರಿದ ಮೇಲೆ ಹವೆ ಕೆಟ್ಟು ಮಂಜು ಕವಿದರೆ, ವಾಪಸಾಗಲು ಇರುವುದು ಒಂದೋ ಮತ್ತೆ ಏರು, ಇಲ್ಲವೇ ಬಿರುಕುಗಳು ತುಂಬಿದ ಹಿಮನದಿ. ಹೊರಬರಲು ಹಳೆಯ ಮಾರ್ಗದರ್ಶಿ ಪುಸ್ತಕಗಳು ಹೇಳುವ ಲೋಚೆನ್‌ಲ್ಯೂಕೆ ಘಾಟಿಯ ಮಾರ್ಗ ಇಳಿಯುವ ಕಣಿವೆಯಲ್ಲಿ, 2025ರ ಮೇ 28ರಂದು ಬಿರ್ಚ್ ಹಿಮನದಿ ಕುಸಿದು ಬ್ಲಾಟನ್ ಗ್ರಾಮದ ಬಹುಭಾಗ ಕಲ್ಲುಮಣ್ಣಿನಡಿ ಹೂತುಹೋಯಿತು. ಅಲ್ಲಿನ ರಸ್ತೆಯ ಸ್ಥಿತಿಯನ್ನು ವಿಚಾರಿಸದೆ ಆ ದಾರಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಶಿಖರದ ದಿನದಂದು ಗಡಿಯಾರವೇ ಯಜಮಾನ. ವಸಂತದಲ್ಲಿ ರಾತ್ರಿ ಕಲ್ಲಿನಂತೆ ಗಟ್ಟಿಯಾದ ಹಿಮ ಬಿಸಿಲೇರಿದಂತೆ ಮೆತ್ತಗಾಗಿ, ಬಿರುಕುಗಳ ಮೇಲಿನ ಹಿಮಸೇತುವೆಗಳು ದುರ್ಬಲವಾಗುತ್ತವೆ. ಕಡಿದಾದ ಇಳಿಜಾರುಗಳಲ್ಲಿ ಹಿಮ ಕುಸಿಯುವ ಭಯವೂ ಹೆಚ್ಚುತ್ತದೆ. ಆದ್ದರಿಂದ ಬೆಳಕು ಹರಿಯುವ ಮುನ್ನವೇ ಹೊರಟು, ಶಿಖರದ ಕೆಳಗೆ 4,088 ಮೀಟರಿನಲ್ಲಿರುವ ಹೂಗಿಸಾಟೆಲ್ ಎಂಬ ತಗ್ಗಿನಲ್ಲಿ ಸ್ಕೀ ಬಿಚ್ಚಿಟ್ಟು, ಬೂಟಿಗೆ ಕ್ರ್ಯಾಂಪಾನ್ (ಉಕ್ಕಿನ ಮುಳ್ಳುಪಟ್ಟಿ) ಕಟ್ಟಿ, ಕೊನೆಯ ಬಂಡೆಯ ಏಣನ್ನು ಹತ್ತುತ್ತಾರೆ. ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗಬೇಕೆಂಬುದು ಹಿಂದಿನ ರಾತ್ರಿಯೇ ತೀರ್ಮಾನವಾಗಿರಬೇಕು; ತುದಿ ಕಣ್ಣಿಗೆ ಬಿದ್ದ ಮೇಲೆ ಯಾರ ಬುದ್ಧಿಯೂ ನೆಟ್ಟಗಿರುವುದಿಲ್ಲ. 1829ರಲ್ಲಿ ಜೊತೆಗಾರರು ಶಿಖರವೇರಿದಾಗ ವಿಜ್ಞಾನಿ ಹೂಗಿ ಈಗ ಸ್ಕೀ ಬಿಚ್ಚಿಡುವ ಆ ತಾಣದಲ್ಲೇ ಉಳಿದರು. ತುದಿ ಮುಟ್ಟದಿದ್ದರೂ ಅದಕ್ಕೆ ಅವರದೇ ಹೆಸರು ನಿಂತಿದೆ.

ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆಯು ಚಳಿಗಾಲದಲ್ಲಿ ಪ್ರತಿ ಸಂಜೆ ಪ್ರಕಟಿಸುವ ಹಿಮಕುಸಿತದ ಮುನ್ಸೂಚನೆಯನ್ನೂ ಲೇಖನ ಪ್ರಸ್ತಾಪಿಸಬೇಕಿತ್ತು. ಅದರಲ್ಲಿ ಅಪಾಯದ ಹಂತಗಳು ಐದು. ಐದಕ್ಕೆ ಮೂರೆಂದರೆ ಪರೀಕ್ಷೆಯ ಅಂಕಗಳಿಗೆ ಒಗ್ಗಿದ ನಮಗೆ ಪಾಸಾದಂತೆ ತೋರುತ್ತದೆ. ಸಾವಿನ ಪ್ರಕರಣಗಳಲ್ಲಿ ದೊಡ್ಡ ಪಾಲು ಘಟಿಸುವುದು ಈ ಮೂರನೆಯ ಹಂತದಲ್ಲೇ. ಹಿಮದಡಿ ಸಿಕ್ಕಿದವರನ್ನು ಹತ್ತು-ಹದಿನೈದು ನಿಮಿಷದೊಳಗೆ ಹೊರತೆಗೆಯದಿದ್ದರೆ ಬದುಕುವ ಸಾಧ್ಯತೆ ಕ್ಷಿಪ್ರವಾಗಿ ಕುಗ್ಗುವುದರಿಂದ, ಹೂತವರ ಜಾಗ ತೋರಿಸುವ ಸಂಕೇತಯಂತ್ರ, ಶೋಧನಾ ಕೋಲು ಮತ್ತು ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಬೇಕು, ಅವುಗಳ ಬಳಕೆ ಕೈಗೆ ಕೂಡಿರಬೇಕು. ಬಿರುಕಿಗೆ ಬಿದ್ದವರನ್ನು ಹಗ್ಗದಿಂದ ಮೇಲೆಳೆಯಲು ತಿಳಿಯದವರು ಪರವಾನಗಿ ಪಡೆದ ಮಾರ್ಗದರ್ಶಕರಿಲ್ಲದೆ ಅಲ್ಲಿಗೆ ಕಾಲಿಡದಿರುವುದೇ ಸರಿ.

ಬೇಸಿಗೆ ರಜೆಗೆ ಯೂರೋಪಿಗೆ ಹೊರಡುವ ಕನ್ನಡಿಗರು ಇಂಥ ಲೇಖನಗಳನ್ನು ನಂಬಿಯೇ ಟಿಕೆಟ್ ಕಾದಿರಿಸುತ್ತಾರೆ. ಹೊರಬರುವ ದಾರಿ, ಮುನ್ಸೂಚನೆ ಮತ್ತು ಮಾರ್ಗದರ್ಶಕರ ವಿವರಗಳನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ, ಬರ್ನ್