ನಮ್ಮ ಆನ್‌ಲೈನ್ ಮಳಿಗೆಯ ಸ್ಥಳಾಂತರ: ಖರ್ಚಿನ ಲೆಕ್ಕ ಮತ್ತು ನಿಮಗೆ ಆಗುವ ಬದಲಾವಣೆಗಳು

ಮಾನ್ಯ ಗ್ರಾಹಕರೇ,

ಶಿರಸಿ ಸೀಮೆಯ ಬೆಳೆಗಾರರೂ ಮನೆಯಲ್ಲೇ ಉಪ್ಪಿನಕಾಯಿ, ಹಪ್ಪಳ ತಯಾರಿಸುವ ಮಹಿಳೆಯರೂ ಸೇರಿ ನಡೆಸುತ್ತಿರುವ ನಮ್ಮ ಸಹಕಾರ ಸಂಘದ ಆನ್‌ಲೈನ್ ಮಳಿಗೆಯು ಬರುವ ಆಷಾಢದಲ್ಲಿ ಹೊಸ ವ್ಯವಸ್ಥೆಗೆ ಸ್ಥಳಾಂತರಗೊಳ್ಳಲಿದೆ. ಇದುವರೆಗೆ ತಿಂಗಳ ಬಾಡಿಗೆ ಕೊಟ್ಟು ಬಳಸುತ್ತಿದ್ದ ಸಿದ್ಧ ವೇದಿಕೆಯನ್ನು ಬಿಟ್ಟು, ಜಾಲತಾಣ ಕಟ್ಟಲು ಬಳಸುವ ವರ್ಡ್‌ಪ್ರೆಸ್ ಮೇಲೆ ನಡೆಯುವ ವೂಕಾಮರ್ಸ್ ಎಂಬ ಓಪನ್ ಸೋರ್ಸ್ (ಮೂಲ ಸಂಕೇತ ಎಲ್ಲರಿಗೂ ತೆರೆದಿರುವ) ತಂತ್ರಾಂಶವನ್ನು ನಾವೇ ಆರಿಸಿಕೊಂಡ ಸರ್ವರ್‌ನಲ್ಲಿ (ಜಾಲತಾಣವನ್ನು ಇಟ್ಟು ನಡೆಸುವ ಕಂಪ್ಯೂಟರಿನಲ್ಲಿ) ಅಳವಡಿಸಿಕೊಳ್ಳಲು ಆಡಳಿತ ಮಂಡಳಿ ತೀರ್ಮಾನಿಸಿದೆ. ಈ ಕಾರಣಕ್ಕೆ ಯಾವ ಪದಾರ್ಥದ ಬೆಲೆಯೂ ಏರುವುದಿಲ್ಲ. ಸಾಗಾಟ ವೆಚ್ಚವನ್ನು ಲೆಕ್ಕ ಹಾಕುವ ಕ್ರಮ ಮಾತ್ರ ಬದಲಾಗಲಿದ್ದು, ಅದನ್ನು ಮುಂದೆ ವಿವರಿಸಿದ್ದೇವೆ. ಮಳಿಗೆ ನಡೆಸುವ ಖರ್ಚು ಕೊನೆಗೆ ಒಂದೋ ನೀವು ಕೊಡುವ ಬೆಲೆಯಿಂದ, ಇಲ್ಲವೇ ತಯಾರಿಸಿದವರ ಕೈಗೆ ಸೇರಬೇಕಾದ ಹಣದಿಂದ ಬರುತ್ತದೆಯಾದ್ದರಿಂದ, ಈ ತೀರ್ಮಾನದ ಹಿಂದಿನ ಲೆಕ್ಕವನ್ನು ನಿಮ್ಮ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಬಾಡಿಗೆ ವೇದಿಕೆಯ ಮೇಲೆ ನಮಗೆ ಯಾವ ದೂರೂ ಇಲ್ಲ. ಮಳಿಗೆ ಆರಂಭಿಸಿದಾಗ ಸರ್ವರ್ ಎಂದರೇನೆಂದು ತಿಳಿದವರು ಸಂಘದಲ್ಲಿ ಯಾರೂ ಇರಲಿಲ್ಲ. ಚಿತ್ರ ಹಾಕಿ, ಬೆಲೆ ಬರೆದು, ಬ್ಯಾಂಕ್ ಖಾತೆ ಜೋಡಿಸಿದರೆ ವ್ಯಾಪಾರ ಶುರುವಾಗುವ ವ್ಯವಸ್ಥೆ ಆಗ ನಮಗೆ ತಕ್ಕದ್ದಾಗಿತ್ತು. ಭದ್ರತೆಯ ಅಪ್‌ಡೇಟ್, ಹಬ್ಬದ ದಟ್ಟಣೆ, ಬ್ಯಾಕಪ್ ಎಲ್ಲವನ್ನೂ ವೇದಿಕೆಯವರೇ ನೋಡಿಕೊಳ್ಳುತ್ತಿದ್ದರು. ಇಂದು ಯಾರಾದರೂ ಹೊಸದಾಗಿ ಮಳಿಗೆ ತೆರೆಯುವುದಾಗಿ ನಮ್ಮ ಸಲಹೆ ಕೇಳಿದರೆ, ಮೊದಲ ಒಂದೆರಡು ವರ್ಷ ಬಾಡಿಗೆ ವೇದಿಕೆಯಲ್ಲೇ ಇರಿ ಎಂದೇ ಹೇಳುತ್ತೇವೆ.

ಲೆಕ್ಕ ಬದಲಾಗುವುದು ವ್ಯಾಪಾರ ಬೆಳೆದಂತೆ. ಬಾಡಿಗೆ ವೇದಿಕೆಗಳಲ್ಲಿ ಹೆಚ್ಚು ಪರಿಚಿತವಾದ ಶಾಪಿಫೈಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಭಾರತದಲ್ಲಿ ಅದರ ಬೇಸಿಕ್ ಎಂಬ ಮೂಲ ಯೋಜನೆಗೆ ತಿಂಗಳಿಗೆ ಸುಮಾರು 2,000 ರೂಪಾಯಿ, ಅದರ ಮೇಲಿನದಕ್ಕೆ ಸುಮಾರು 7,500 ರೂಪಾಯಿ ಆಗುತ್ತದೆ. ವರ್ಷಕ್ಕೆ ಒಮ್ಮೆಲೇ ಕಟ್ಟಿದರೆ ಸ್ವಲ್ಪ ಕಡಿಮೆ. ಆ ಕಂಪನಿಯ ಸ್ವಂತ ಪಾವತಿ ವ್ಯವಸ್ಥೆ ಭಾರತದಲ್ಲಿ ಲಭ್ಯವಿಲ್ಲ. ಹೀಗಾಗಿ ಇಲ್ಲಿನ ವ್ಯಾಪಾರಿಗಳು ಬೇರೆ ಪೇಮೆಂಟ್ ಗೇಟ್‌ವೇ (ಗ್ರಾಹಕರು ಕಟ್ಟಿದ ಹಣವನ್ನು ವ್ಯಾಪಾರಿಗೆ ತಲುಪಿಸುವ ಸೇವೆ) ಬಳಸಲೇಬೇಕು, ಮತ್ತು ಹಾಗೆ ಬಳಸಿದ್ದಕ್ಕೆ ಪ್ರತಿ ಮಾರಾಟದ ಮೇಲೆ ಮೂಲ ಯೋಜನೆಯಲ್ಲಿ 2%, ಅದರ ಮೇಲಿನದರಲ್ಲಿ 1% ಶುಲ್ಕವನ್ನು ವೇದಿಕೆಗೆ ಕೊಡಬೇಕು. ಗೇಟ್‌ವೇಯವರು ತೆಗೆದುಕೊಳ್ಳುವ ಸುಮಾರು 2% ಮತ್ತು ಅದರ ಮೇಲಿನ 18% ಜಿಎಸ್‌ಟಿ ಇದರಿಂದ ಬೇರೆಯೇ. ಎರಡೂ 2% ಆಗಿರುವುದರಿಂದ ಬಹಳ ಜನ ಒಂದೇ ಎಂದು ತಿಳಿಯುತ್ತಾರೆ. ನಮ್ಮ ಮಹಾಸಭೆಯಲ್ಲೂ ಇದನ್ನು ಬಿಡಿಸಿ ಹೇಳಬೇಕಾಯಿತು. 500 ರೂಪಾಯಿಯ ಉಪ್ಪಿನಕಾಯಿ ಮಾರಿದರೆ ತೆರಿಗೆ ಬಿಟ್ಟು 10 ರೂಪಾಯಿ ಗೇಟ್‌ವೇಗೆ, ಇನ್ನೊಂದು 10 ರೂಪಾಯಿ ವೇದಿಕೆಗೆ ಹೋಗುತ್ತದೆ. ಗೇಟ್‌ವೇ ಶುಲ್ಕ ಯಾವ ತಂತ್ರಾಂಶ ಬಳಸಿದರೂ ತಪ್ಪದು. ಹಾಗಾಗಿ ಕೆಳಗಿನ ಹೋಲಿಕೆಯಲ್ಲಿ ಅದನ್ನೂ ಜಿಎಸ್‌ಟಿಯನ್ನೂ ಬದಿಗಿಟ್ಟಿದ್ದೇವೆ.

ಇವುಗಳ ಜೊತೆಗೆ ಆ್ಯಪ್‌ಗಳ ಬಾಡಿಗೆ ಇದೆ. ತೂಕದ ಪ್ರಕಾರ ಸಾಗಾಟ ವೆಚ್ಚ ಹಾಕಲು ಒಂದು, ಜಿಎಸ್‌ಟಿ ಬಿಲ್ಲಿಗೆ ಇನ್ನೊಂದು, ವಾಟ್ಸ್‌ಆ್ಯಪ್ ಸಂದೇಶಕ್ಕೆ ಮತ್ತೊಂದು ಎಂದು ಸೇರಿಸುತ್ತಾ ಹೋದರೆ ಬಿಡಿಬಿಡಿಯಾಗಿ ಸಣ್ಣದೆನಿಸುವ ಮೊತ್ತಗಳು ತಿಂಗಳ ಕೊನೆಯಲ್ಲಿ ಮೂಲ ಯೋಜನೆಯ ಬಾಡಿಗೆಯನ್ನೇ ಮೀರುತ್ತವೆ. ಇಂಥ ಆ್ಯಪ್‌ಗಳ ದರ ಹೆಚ್ಚಾಗಿ ಡಾಲರಿನಲ್ಲಿರುತ್ತದೆ. 2014ರಲ್ಲಿ ಸುಮಾರು 60 ರೂಪಾಯಿ ಇದ್ದ ಡಾಲರು 2024ರ ಕೊನೆಗೆ 85 ದಾಟಿತು. ದರಪಟ್ಟಿ ಬದಲಾಗದೆಯೂ ಖರ್ಚು ಏರುವುದು ಹೀಗೆ.

ಹಾಗೆಂದು ಓಪನ್ ಸೋರ್ಸ್ ಎಂದರೆ ಪುಕ್ಕಟೆ ಎಂದು ಯಾರೂ ಭಾವಿಸಬಾರದು. 2011ರಲ್ಲಿ ಬಂದ ವೂಕಾಮರ್ಸ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಸಿಗುತ್ತದೆ. ಇಳಿಸಿಕೊಳ್ಳಲು, ಬಳಸಲು, ತಿದ್ದಿಕೊಳ್ಳಲು ಯಾರಿಗೂ ಹಣ ಕೊಡಬೇಕಿಲ್ಲ, ಮಾರಾಟದಲ್ಲಿ ಪಾಲೂ ಕೊಡಬೇಕಿಲ್ಲ. ಆದರೆ ಸರ್ವರ್‌ಗೆ ಹಣ ಬೇಕು. ಮಳಿಗೆಯನ್ನು ಕಟ್ಟಿಕೊಡುವವರಿಗೆ, ಕಟ್ಟಿದ ಮೇಲೆ ಪ್ರತಿ ವಾರ ಅಪ್‌ಡೇಟ್ ಹಾಕಿ ಮಳಿಗೆ ಸರಿಯಾಗಿದೆಯೇ ಎಂದು ನೋಡುವವರಿಗೆ ಸಂಬಳ ಬೇಕು. ಕೆಲವು ಪ್ಲಗಿನ್‌ಗಳಿಗೆ (ಹೆಚ್ಚುವರಿ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶಗಳಿಗೆ) ವಾರ್ಷಿಕ ಶುಲ್ಕವೂ ಇದೆ. ಪರವಾನಗಿ ಉಚಿತವೆಂಬ ಒಂದೇ ಕಾರಣಕ್ಕೆ ಈ ದಾರಿ ಹಿಡಿಯುವ ವ್ಯಾಪಾರಿಗೆ ನಿರ್ವಹಣೆಯ ಖರ್ಚೇ ಹೊರೆಯಾಗುತ್ತದೆ.

ನಾವು ಹಿಡಿದ ಲೆಕ್ಕ ಹೀಗಿದೆ. ಸ್ವಂತ ವ್ಯವಸ್ಥೆಯಲ್ಲಿ 4 ಜಿಬಿ ಮೆಮೊರಿಯ ಸರ್ವರ್‌ಗೆ ತಿಂಗಳಿಗೆ 2,000, ನಿರ್ವಹಣೆಗೆ 6,000, ಪ್ಲಗಿನ್ ಮತ್ತು ಬ್ಯಾಕಪ್‌ಗೆ 1,000 ರೂಪಾಯಿ. ಕಟ್ಟುವ ಒಂದು ಸಲದ ಖರ್ಚು 90,000 ರೂಪಾಯಿಯನ್ನು ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 2,500. ಒಟ್ಟು 11,500 ರೂಪಾಯಿ. ಬಾಡಿಗೆ ವೇದಿಕೆಯಲ್ಲಿ ಮೂಲ ಯೋಜನೆಗೆ 2,000, ಆ್ಯಪ್‌ಗಳಿಗೆ 2,500, ಜೊತೆಗೆ ಮಾರಾಟದ 2%. ತಿಂಗಳಿಗೆ 50,000 ರೂಪಾಯಿ ವ್ಯಾಪಾರವಿದ್ದರೆ ಬಾಡಿಗೆ ವೇದಿಕೆಯ ಖರ್ಚು 5,500 ರೂಪಾಯಿ ಮಾತ್ರ, ಅಂದರೆ ಸ್ವಂತದ್ದರ ಅರ್ಧಕ್ಕಿಂತ ಕಡಿಮೆ. ವ್ಯಾಪಾರ 3.5 ಲಕ್ಷಕ್ಕೆ ಬಂದಾಗ ಎರಡೂ ಸಮನಾಗುತ್ತವೆ. 10 ಲಕ್ಷಕ್ಕೆ ಹೋದರೆ ಬಾಡಿಗೆ ವೇದಿಕೆಯ ಖರ್ಚು 24,500 ರೂಪಾಯಿ. 1% ಶುಲ್ಕದ ದುಬಾರಿ ಯೋಜನೆಗೆ ಏರಿದರೂ 20,000. ಸ್ವಂತ ವ್ಯವಸ್ಥೆಯಲ್ಲಿ ದೊಡ್ಡ ಸರ್ವರ್‌ಗೆಂದು 3,000 ಸೇರಿಸಿದರೂ 14,500 ರೂಪಾಯಿಗೆ ನಿಲ್ಲುತ್ತದೆ.

ನಮ್ಮಂಥ ಸಂಘಗಳು ಈ ಲೆಕ್ಕವನ್ನು ತಿಂಗಳಿಗಲ್ಲ, ವರ್ಷಕ್ಕೆ ಹಾಕಬೇಕು. ಅಪ್ಪೆಮಿಡಿಯ ಕಾಲದಲ್ಲಿ, ಬೇಸಿಗೆಯ ಹಪ್ಪಳದ ದಿನಗಳಲ್ಲಿ ಮತ್ತು ದೀಪಾವಳಿಯ ಮುಂಚೆ ಬರುವ ಆರ್ಡರ್‌ಗಳಿಗೂ ಮಳೆಗಾಲದ ಆರ್ಡರ್‌ಗಳಿಗೂ ಹೋಲಿಕೆಯೇ ಇಲ್ಲ. ಶೇಕಡಾವಾರು ಶುಲ್ಕ ಮಂದ ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಸ್ವಂತ ಸರ್ವರ್‌ನ ಖರ್ಚು ಮಳೆಗಾಲದಲ್ಲೂ ಅಷ್ಟೇ ಇರುತ್ತದೆ. ಇದು ಬಾಡಿಗೆ ವೇದಿಕೆಯ ಪರವಾದ ಗಟ್ಟಿ ಅಂಶವೆಂದು ಮಂಡಳಿಯ ಕೆಲವು ಸದಸ್ಯರು ವಾದಿಸಿದ್ದರು, ಮತ್ತು ಆ ವಾದ ಸರಿಯಾದದ್ದೇ. ಆದ್ದರಿಂದಲೇ ತಿಂಗಳಿಗೆ 3.5 ಲಕ್ಷದಂತೆ ವರ್ಷದ ಒಟ್ಟು ವ್ಯಾಪಾರ 42 ಲಕ್ಷವನ್ನು ಗೆರೆಯಾಗಿ ಇಟ್ಟುಕೊಂಡು, ಅದನ್ನು ದಾಟಿದ ಮೇಲಷ್ಟೇ ಈ ಹೆಜ್ಜೆ ಇಟ್ಟಿದ್ದೇವೆ. ಗಲ್ಲಾಪೆಟ್ಟಿಗೆಯಲ್ಲಿ ಪಾಲು ಕೇಳುವ ಮಾಲೀಕನ ಕಟ್ಟಡದಲ್ಲಿ ಅಂಗಡಿ ಇಟ್ಟವರು ವ್ಯಾಪಾರ ಹೆಚ್ಚಿದ ಮೇಲೆ ಸ್ವಂತ ಜಾಗ ಹುಡುಕುವಂತೆ ಇದು.

ಓಪನ್ ಸೋರ್ಸ್‌ನಲ್ಲೂ ಆಯ್ಕೆಗಳು ಹಲವು. ಪ್ರೆಸ್ತಾಶಾಪ್, ಓಪನ್‌ಕಾರ್ಟ್ ಇವುಗಳನ್ನು ನೋಡಿದೆವು. ಅವು ಚೆನ್ನಾಗಿಯೇ ಇವೆ, ಆದರೆ ಶಿರಸಿ, ಹುಬ್ಬಳ್ಳಿಯ ಸುತ್ತ ವರ್ಡ್‌ಪ್ರೆಸ್ ಬಲ್ಲ ಯುವಕರು ಸಿಗುವಷ್ಟು ಸುಲಭವಾಗಿ ಅವುಗಳನ್ನು ಬಲ್ಲವರು ಸಿಗುವುದಿಲ್ಲ. ಮ್ಯಾಜೆಂಟೊ ಸಾವಿರಾರು ಬಗೆಯ ಸರಕು ಮಾರುವ ದೊಡ್ಡ ಮಳಿಗೆಗಳಿಗೆ ಹೇಳಿ ಮಾಡಿಸಿದ್ದು, ಅದಕ್ಕೆ ಬೇಕಾದ ಸರ್ವರ್ ಮತ್ತು ಪರಿಣತರ ಖರ್ಚು ನಮ್ಮ ಅಳತೆಗೆ ಮೀರಿದ್ದು. ಅದರ ಇತಿಹಾಸದಲ್ಲಿ ಒಂದು ಎಚ್ಚರಿಕೆಯೂ ಇದೆ. ಮ್ಯಾಜೆಂಟೊದ ಮೊದಲ ಆವೃತ್ತಿಗೆ ಭದ್ರತಾ ಬೆಂಬಲ 2020ರ ಜೂನ್ 30ಕ್ಕೆ ಮುಗಿಯಿತು. ಎರಡನೆಯ ಆವೃತ್ತಿಯ ರಚನೆಯೇ ಬೇರೆಯಾಗಿದ್ದರಿಂದ ವ್ಯಾಪಾರಿಗಳು ಮಳಿಗೆಯನ್ನು ಹೆಚ್ಚುಕಡಿಮೆ ಮತ್ತೆ ಕಟ್ಟಬೇಕಾಯಿತು. ಖರ್ಚಿಗೆ ಹಿಂಜರಿದು ಹಳೆಯದರಲ್ಲೇ ಉಳಿದ ಸುಮಾರು 2,000 ಮಳಿಗೆಗಳಿಗೆ ಅದೇ ಸೆಪ್ಟೆಂಬರ್‌ನ ಒಂದೇ ವಾರಾಂತ್ಯದಲ್ಲಿ ಕಳ್ಳರು ನುಗ್ಗಿ, ಗ್ರಾಹಕರ ಕಾರ್ಡ್ ವಿವರ ಕದಿಯುವ ಸಂಕೇತಗಳನ್ನು ಸೇರಿಸಿದರು. ನಿರ್ವಹಣೆಗೆಂದು ತಿಂಗಳಿಗೆ 6,000 ರೂಪಾಯಿ ಎತ್ತಿಟ್ಟಿರುವುದು ಇದೇ ಕಾರಣಕ್ಕೆ. ವ್ಯಾಪಾರ ಮಂದವಾದ ವರ್ಷದಲ್ಲಿ ಬೇರೆ ಯಾವ ಖರ್ಚನ್ನು ಕಡಿತ ಮಾಡಿದರೂ ಇದನ್ನು ಮುಟ್ಟಬಾರದೆಂದು ನಡಾವಳಿ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ.

ಕಾರ್ಡ್ ವಿವರದ ಬಗ್ಗೆ ನಿಮಗೆ ಆತಂಕ ಬೇಡ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ಯಾವ ವ್ಯಾಪಾರಿಯೂ ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ. ನೀವು ಹಣ ಕಟ್ಟುವ ಪುಟ ಗೇಟ್‌ವೇಯದ್ದೇ ಆಗಿದ್ದು, ನಮ್ಮ ಸರ್ವರ್‌ಗೆ ಬರುವುದು ಹಣ ಸಂದಾಯವಾಯಿತೇ ಇಲ್ಲವೇ ಎಂಬ ಉತ್ತರ ಮಾತ್ರ. ನಿಮ್ಮ ಹೆಸರು, ವಿಳಾಸ, ಫೋನ್ ಸಂಖ್ಯೆ ಮತ್ತು ಹಳೆಯ ಆರ್ಡರ್‌ಗಳ ವಿವರ ಬೆಂಗಳೂರಿನ ಡೇಟಾ ಸೆಂಟರಿನಲ್ಲಿರುವ ಸರ್ವರ್‌ನಲ್ಲಿ ಇರುತ್ತವೆ. ಪ್ರತಿ ರಾತ್ರಿ ಅದರ ಒಂದು ನಕಲು ಬೇರೊಂದು ಜಾಗಕ್ಕೆ ಹೋಗುತ್ತದೆ.

ಖರ್ಚಿನ ಆಚೆ ನಮ್ಮ ಮನಸ್ಸಿಗೆ ಬಹಳ ಹತ್ತಿರವಾದ ಕಾರಣ ಕನ್ನಡದ ಬಿಲ್ಲು. ಬಿಲ್ಲಿನ ಪಿಡಿಎಫ್ ತಯಾರಿಸುವ ತಂತ್ರಾಂಶಗಳಲ್ಲಿ ಕೆಲವಕ್ಕೆ ಕನ್ನಡದ ಒತ್ತಕ್ಷರಗಳನ್ನು ಜೋಡಿಸಲು ಬರುವುದಿಲ್ಲ. ತೆರೆಯ ಮೇಲೆ ಸರಿಯಾಗಿ ಕಾಣುವ ‘ಅಪ್ಪೆಮಿಡಿ’ ಮುದ್ರಿತ ಬಿಲ್ಲಿನಲ್ಲಿ ‘ಪ’ಕಾರದ ಕೆಳಗೆ ಒತ್ತು ಸೇರದೆ, ಅರ್ಧಾಕ್ಷರ ಬೇರೆ, ಮುಂದಿನ ಅಕ್ಷರ ಬೇರೆ ಆಗಿ ಚದುರಿ ಬೀಳುತ್ತದೆ. ಬಾಡಿಗೆ ಆ್ಯಪ್ ಹೀಗೆ ಮಾಡಿದರೆ ಅದರ ತಯಾರಕರು ಸರಿಪಡಿಸುವವರೆಗೂ ಕಾಯುವುದು ಬಿಟ್ಟು ಗತಿಯಿಲ್ಲ, ಆದ್ದರಿಂದ ಇದುವರೆಗೆ ನಿಮಗೆ ಇಂಗ್ಲಿಷ್ ಬಿಲ್ಲನ್ನೇ ಕಳಿಸುತ್ತಿದ್ದೆವು. ಹೊಸ ವ್ಯವಸ್ಥೆಯಲ್ಲಿ ಬಿಲ್ಲು ತಯಾರಿಸುವ ಆ ಒಂದು ಭಾಗವನ್ನಷ್ಟೇ ತೆಗೆದು, ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ಎಂಪಿಡಿಎಫ್ ಎಂಬ ಇನ್ನೊಂದನ್ನು ಹಾಕಿಸಿದೆವು. ಪರೀಕ್ಷೆಗೆಂದು ಮುದ್ರಿಸಿದ ಮೊದಲ ಬಿಲ್ಲಿನಲ್ಲಿ ಕಾಳುಮೆಣಸು, ಜೋನಿಬೆಲ್ಲ, ಹಲಸಿನ ಹಪ್ಪಳ ಎಲ್ಲವೂ ನೆಟ್ಟಗೆ ಬಂದದ್ದನ್ನು ಕಂಡು ಪ್ಯಾಕಿಂಗ್ ವಿಭಾಗದ ಅಕ್ಕಂದಿರು ಪಟ್ಟ ಸಂತೋಷಕ್ಕೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಕಾಲಂ ಇಲ್ಲ. ಇನ್ನು ಮುಂದೆ ಬಿಲ್ಲು ಕನ್ನಡದಲ್ಲಿ ಬೇಕೋ ಇಂಗ್ಲಿಷಿನಲ್ಲಿ ಬೇಕೋ ಎಂಬುದನ್ನು ನೀವೇ ಆರಿಸಿಕೊಳ್ಳಬಹುದು.

ಸಾಗಾಟ ವೆಚ್ಚ ಇದುವರೆಗೆ ಆರ್ಡರ್ ಒಂದಕ್ಕೆ ಇಷ್ಟು ಎಂದು ನಿಗದಿಯಾಗಿತ್ತು. ಇದರಿಂದ ಕಾಲು ಕಿಲೋ ಯಾಲಕ್ಕಿ ತರಿಸುವವರು, ಐದು ಬಾಟಲಿ ಉಪ್ಪಿನಕಾಯಿ ತರಿಸುವವರ ಖರ್ಚಿನ ಒಂದು ಭಾಗವನ್ನು ತಮಗೆ ಗೊತ್ತಿಲ್ಲದೆ ಹೊರುತ್ತಿದ್ದರು. ಇನ್ನು ತೂಕ ಮತ್ತು ದೂರದ ಪ್ರಕಾರ ವೆಚ್ಚ ಬೀಳುತ್ತದೆ. ಕೊರಿಯರ್‌ನವರು ಸಾಮಾನ್ಯವಾಗಿ 500 ಗ್ರಾಂಗೆ ಒಂದು ಹಂತದಂತೆ ಲೆಕ್ಕ ಹಾಕುತ್ತಾರೆ. ಒಂದು ಕಿಲೋ ಅಪ್ಪೆಮಿಡಿಯ ಗಾಜಿನ ಬಾಟಲಿ, ಮುಚ್ಚಳ, ಸುತ್ತುವ ಹಾಳೆ, ರಟ್ಟಿನ ಪೆಟ್ಟಿಗೆ ಸೇರಿ ಸುಮಾರು 1.6 ಕಿಲೋ ತೂಗುತ್ತದೆ, ಅವರ ಲೆಕ್ಕದಲ್ಲಿ ಅದು 2 ಕಿಲೋ. ಎರಡು ಬಾಟಲಿ ಒಟ್ಟಿಗೆ ತರಿಸಿದರೆ 3.2 ಕಿಲೋ, ಲೆಕ್ಕಕ್ಕೆ 3.5 ಕಿಲೋ, ಬೇರೆ ಬೇರೆಯಾಗಿ ತರಿಸಿದರೆ 4 ಕಿಲೋ. ಪೆಟ್ಟಿಗೆಯಲ್ಲಿ ಇನ್ನೆಷ್ಟು ಗ್ರಾಂ ಹೆಚ್ಚಿನ ಖರ್ಚಿಲ್ಲದೆ ಹಿಡಿಯುತ್ತದೆ ಎಂಬುದನ್ನು ಹೊಸ ಮಳಿಗೆ ನಿಮಗೆ ತೋರಿಸುತ್ತದೆ. ಸಣ್ಣ ಪೊಟ್ಟಣಗಳಿಗೆ ವೆಚ್ಚ ಇಳಿಯಲಿದೆ. ಮುಂಬೈ, ಪುಣೆ, ದೆಹಲಿಗೆ ಭಾರದ ಪೆಟ್ಟಿಗೆ ತರಿಸಿಕೊಳ್ಳುವವರಿಗೆ ಮೊದಲಿಗಿಂತ ಹೆಚ್ಚಾಗಲಿದೆ; ಅದು ನಿಮಗೆ ಮೊದಲೇ ತಿಳಿದಿರಲೆಂದು ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇವೆ. ಕೊರಿಯರ್ ತಲುಪದ ಹಳ್ಳಿಗಳಿಗೆ ಎಂದಿನಂತೆ ಅಂಚೆಯ ಮೂಲಕವೇ ಕಳಿಸುತ್ತೇವೆ.

ನೀವು ಮಾಡಬೇಕಾದ ಕೆಲಸ ಒಂದೇ. ಪಾಸ್‌ವರ್ಡ್‌ಗಳನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಒಯ್ಯಲು ಬರುವುದಿಲ್ಲವಾದ್ದರಿಂದ, ಮೊದಲ ಸಲ ಒಳಬರುವಾಗ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬುದನ್ನು ಒತ್ತಿ ಹೊಸದನ್ನು ಇಟ್ಟುಕೊಳ್ಳಬೇಕು. ಜಾಲತಾಣದ ವಿಳಾಸ ಬದಲಾಗುವುದಿಲ್ಲ. ನೀವು ಉಳಿಸಿಟ್ಟುಕೊಂಡ ಹಳೆಯ ಲಿಂಕ್‌ಗಳು ತಾವಾಗಿ ಹೊಸ ಪುಟಗಳಿಗೆ ಒಯ್ಯುತ್ತವೆ. ಬಳಸದೆ ಉಳಿದ ಗಿಫ್ಟ್ ಕೂಪನ್‌ಗಳ ಸಂಖ್ಯೆಯೂ ಮೊತ್ತವೂ ಹಾಗೆಯೇ ಇರುತ್ತವೆ. ಇಂಥ ಸ್ಥಳಾಂತರದ ಸುಳಿವು ಸಿಕ್ಕರೆ ವಂಚಕರು ‘ನಿಮ್ಮ ಖಾತೆ ದೃಢಪಡಿಸಿ’ ಎಂದು ಸಂದೇಶ ಕಳಿಸುವುದುಂಟು. ನಮ್ಮ ಸಂಘದವರು ಫೋನಿನಲ್ಲಾಗಲಿ ಸಂದೇಶದಲ್ಲಾಗಲಿ ಒಟಿಪಿ, ಯುಪಿಐ ಪಿನ್ ಅಥವಾ ಕಾರ್ಡ್ ಸಂಖ್ಯೆಯನ್ನು ಎಂದಿಗೂ ಕೇಳುವುದಿಲ್ಲ. ಹೊಸ ಮಳಿಗೆಯಲ್ಲಿ ತೊಂದರೆ ಕಂಡರೆ ದಯವಿಟ್ಟು ಬರೆದು ತಿಳಿಸಿ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸುವುದು ನಮ್ಮ ಹೊಣೆ. ನಮ್ಮ ಕುಂದುಕೊರತೆ ಅಧಿಕಾರಿಯ ವಿವರ ಹೊಸ ತಾಣದ ಪ್ರತಿ ಪುಟದ ಕೆಳಗಿರುತ್ತದೆ.

ಹಪ್ಪಳ ಒಣಗಿಸಲು ಬಿಸಿಲಿಲ್ಲದ, ಆರ್ಡರ್‌ಗಳೂ ಕಡಿಮೆ ಇರುವ ಆಷಾಢವನ್ನು ಈ ಕೆಲಸಕ್ಕೆ ಬೇಕೆಂದೇ ಆರಿಸಿಕೊಂಡಿದ್ದೇವೆ. ಸ್ಥಳಾಂತರದ ವಾರ ಮಳಿಗೆ ಶನಿವಾರ ರಾತ್ರಿ 8 ಗಂಟೆಗೆ ಮುಚ್ಚಿ ಸೋಮವಾರ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ. ನಿಖರ ದಿನಾಂಕವನ್ನು ಒಂದು ವಾರ ಮುಂಚೆ ಎಸ್‌ಎಂಎಸ್ ಮೂಲಕ ತಿಳಿಸುತ್ತೇವೆ. ಶನಿವಾರ ಸಂಜೆಯೊಳಗೆ ಬಂದ ಆರ್ಡರ್‌ಗಳು ಹಳೆಯ ಸಾಗಾಟ ವೆಚ್ಚದಲ್ಲೇ ಸೋಮವಾರ ಹೊರಡುತ್ತವೆ.

ಇತಿ ತಮ್ಮ ವಿಶ್ವಾಸಿಗಳು,
ಕಾರ್ಯದರ್ಶಿ ಮತ್ತು ಆಡಳಿತ ಮಂಡಳಿಯ ಸದಸ್ಯರು