ಎದುರು ಕೋರ್ಟಿನವರು

ಮೊದಲೇ ಹೇಳಿಬಿಡುತ್ತೇನೆ, ಕಪ್ ಬಂದಿಲ್ಲ. ಬ್ಯಾಡ್ಮಿಂಟನ್ ಟೂರ್ನಿಯ ಕ್ವಾಲಿಫೈಯಿಂಗ್‌ನಲ್ಲಿ, ಅಂದರೆ ಅರ್ಹತಾ ಸುತ್ತಿನಲ್ಲಿ, ಮೂರು ಮ್ಯಾಚ್ ಗೆದ್ದೆ, ಮೇನ್ ಡ್ರಾದ (ಮುಖ್ಯ ಟೂರ್ನಿಯ) ಮೊದಲ ಸುತ್ತಲ್ಲೇ ಸೋತೆ. ಅಷ್ಟಕ್ಕೇ ನಿನ್ನೆಯಿಂದ ಫೋನ್ ಬಡಿದುಕೊಳ್ಳುತ್ತಲೇ ಇದೆ. ನಮ್ಮ ಬೀದಿಯವರಂತೂ ‘ಶಟಲ್ ಆಡೋ ಹುಡುಗಿ’ ಏನೋ ದೊಡ್ಡದು ಗೆದ್ದಿದ್ದಾಳೆ ಅಂತ ಅಪ್ಪನ ಕೈ ಕುಲುಕಿದರಂತೆ. ಹದಿನಾರು ತಿಂಗಳ ಮೇಲೆ ಕೋರ್ಟಿಗೆ ಇಳಿದವಳು ಯಾರ ಹೆಗಲೂ ಹಿಡಿಯದೆ ನಡೆದು ಹೊರಗೆ ಬಂದಳಲ್ಲ, ನಿಮಗೆ ಅದೇ ಖುಷಿ ಅಂತ ಗೊತ್ತು. ನನಗೂ ಅದೇ.

ಮೊಣಕಾಲಿಗೆ ಪೆಟ್ಟಾದ ಕಥೆ ಮತ್ತೆ ಬರೆಯುವುದಿಲ್ಲ. ಅದು ನಿಮಗೆಲ್ಲ ಬಾಯಿಪಾಠ. ಇದು ಸುಮ್ನೆ ಥ್ಯಾಂಕ್ಸ್ ಹೇಳೋಕೆ. ಕೋಚ್ ಸರ್, ಮೆಟ್ಟಿಲು ಇಳಿಯುವುದನ್ನು ಮಗುವಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟ ಫಿಸಿಯೋ ಅಕ್ಕ, ಎರಡೂ ರ‍್ಯಾಕೆಟ್‌ಗೆ ಹೊಸ ಗಟ್ಸ್ (ತಂತಿ) ಹಾಕಿ ದುಡ್ಡು ಬೇಡ ಅಂದ ಅಂಗಡಿ ಅಣ್ಣ, ಅಟೆಂಡೆನ್ಸ್ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡ ಕಾಲೇಜಿನ ಮೇಡಂ, ಅಪ್ಪ, ಅಮ್ಮ, ತಮ್ಮ, ಎಲ್ಲರಿಗೂ ಸೇರಿಸಿ ಒಂದು ದೊಡ್ಡ ಥ್ಯಾಂಕ್ಸ್. ಒಂದೇ ವಾಕ್ಯದಲ್ಲಿ ಮುಗಿಸಿದೆಯಲ್ಲ ಅಂತ ಅಮ್ಮ ಬೈಯುತ್ತಾಳೆ. ಬೈಯಲಿ. ಅವಳಿಗೆ ಮನೆಯಲ್ಲೇ ಹೇಳಬಹುದು.

ಈ ಬರಹ ನಿಜವಾಗಿ ಒಬ್ಬರಿಗೋಸ್ಕರ. ಅವರು ನನ್ನ ಕಡೆಯವರೇ ಅಲ್ಲ. ನಾನು ಬಿದ್ದ ದಿನ ಸೆಮಿಫೈನಲ್‌ನಲ್ಲಿ ನನ್ನ ಎದುರು ಆಡುತ್ತಿದ್ದ ಹುಡುಗಿಯ ತಾಯಿ. ಧಾರವಾಡದವರು. ‘ಫೋನಿನ್ಯಾಗ ನನ್ನ ಹೆಸರು ಹಾಕಬ್ಯಾಡ ನೋಡ್ ಮತ್ತ’ ಅಂತ ಮೊದಲೇ ಹೇಳಿಟ್ಟಿದ್ದಾರೆ. ಆಂಟಿ ಅಂದರೆ ಅವರಿಗೆ ಆಗುವುದಿಲ್ಲ. ಹಾಗಾಗಿ ಇಲ್ಲೂ ಕಾಕು ಅಂತಲೇ ಬರೆಯುತ್ತೇನೆ.

2024ರ ಜನವರಿ. ಉತ್ತರದ ಕಡೆಯ ಒಂದು ಊರು, ಮೈ ಕೊರೆಯುವ ಚಳಿ. ನಾನು ಬಿದ್ದಾಗ ಟೂರ್ನಿ ನಡೆಸುವವರ ಹತ್ತಿರ ಒಂದು ತುಂಡು ಐಸ್ ಇರಲಿಲ್ಲ. ಡಾಕ್ಟರ್ ಊಟಕ್ಕೆ ಹೋಗಿದ್ದರು. ಕಾಕು ಗ್ಯಾಲರಿಯಿಂದ ಇಳಿದು, ಗೇಟಿನ ಹೊರಗಿದ್ದ ಅಂಗಡಿಯ ಫ್ರಿಜ್ ಕೆರೆದು ಐಸ್ ತಂದರು. ಮಗಳ ಕಿಟ್‌ಬ್ಯಾಗಿಗೆ ಕೈ ಹಾಕಿ ಒಂದು ಕಾಲುಚೀಲ ಎಳೆದು, ಅದರೊಳಗೆ ತುಂಬಿ, ನನ್ನ ಮೊಣಕಾಲಿನ ಮೇಲೆ ಒತ್ತಿ ಹಿಡಿದರು. ಅಷ್ಟು ಹೊತ್ತಿಗೆ ಅಂಪೈರ್ ‘ರಿಟೈರ್ಡ್’ ಅಂತ ಬರೆದುಕೊಂಡಾಗಿತ್ತು. ಅಂದರೆ ನಾನು ಆಟ ಅರ್ಧಕ್ಕೆ ಬಿಟ್ಟ ಹಾಗೆ, ಅವರ ಮಗಳು ಫೈನಲ್‌ಗೆ ಬಂದಾಗಿತ್ತು. ಬೇರೆ ಯಾರೇ ಆಗಿದ್ದರೂ ಮಗಳನ್ನು ಕರೆದುಕೊಂಡು ರೂಮಿಗೆ ಹೋಗುತ್ತಿದ್ದರು. ನಮ್ಮಮ್ಮನೂ ಹೋಗುತ್ತಿದ್ದಳೇನೋ.

ಸರ್ ಜೊತೆ ಇನ್ನೂ ನಾಲ್ಕು ಚಿಕ್ಕ ಮಕ್ಕಳಿದ್ದರು, ರಾತ್ರಿ ರೈಲಿಗೆ ಟಿಕೆಟ್ ಆಗಿತ್ತು. ಅಮ್ಮ ಶಿವಮೊಗ್ಗದಿಂದ ಬಂದು ಸೇರೋಕೆ ಎರಡು ದಿನ. ನನ್ನ ಹಿಂದಿ ‘ಪಾನಿ’ಗಿಂತ ಮುಂದೆ ಹೋಗುವುದಿಲ್ಲ. ‘ನೀವು ಹುಡುಗೂರ್ನ ಕರ್ಕೊಂಡು ನಡೀರಿ ಸರ್, ಈಕೀನ ನಾ ನೋಡ್ಕೋತೀನಿ’ ಅಂದರು ಕಾಕು. ಅಷ್ಟೇ. ಅದರ ಮೇಲೆ ಚರ್ಚೆ ಇಲ್ಲ.

ಆಸ್ಪತ್ರೆಯಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸ್ಟೀಲ್ ಕುರ್ಚಿ. ಮಗಳ ಟ್ರ್ಯಾಕ್ ಜಾಕೆಟ್ ನನಗೆ ಹೊದಿಸಿ, ತಾವು ಸೆರಗು ಹೊದ್ದು ಕೂತರು. ಧಾರವಾಡದ ಹಿಂದಿಯಲ್ಲಿ ನರ್ಸ್ ಜೊತೆ ಎರಡು ಸಲ ಜಗಳ ಆಡಿದರು, ಎರಡೂ ಸಲ ಗೆದ್ದರು. ರಾತ್ರಿ ಎರಡು ಗಂಟೆ ಹೊತ್ತಿಗೆ ನನಗೆ ತಡೆಯೋಕಾಗಲಿಲ್ಲ. ನಾನು ಇನ್ನು ಆಡೋಕಾಗುತ್ತಾ ಕಾಕು ಅಂತ ಜೋರಾಗಿ ಅತ್ತುಬಿಟ್ಟೆ. ಎಲ್ಲ ಸರಿಹೋಗುತ್ತೆ ಅಂತ ಅವರು ಹೇಳಲಿಲ್ಲ. ‘ನಂಗ ಗೊತ್ತಿಲ್ಲವಾ. ನಾಳಿ ಡಾಕ್ಟರ್ನ ಕೇಳೂಣು. ಈಗ ಕೂದ್ಲ ಭಾಳ ಸಿಕ್ಕಾಗ್ಯಾವ, ಈ ಕಡೆ ತಿರುಗು’ ಅಂದರು. ಬೆವರಿಗೆ ಅಂಟಿಕೊಂಡಿದ್ದ ಜಡೆ ಬಿಚ್ಚಿ, ಪರ್ಸಿನಲ್ಲಿದ್ದ ಸಣ್ಣ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಒಂದೊಂದೇ ಸಿಕ್ಕು ಬಿಡಿಸಿದರು. ಎಷ್ಟು ಹೊತ್ತು ಅಂತ ನೆನಪಿಲ್ಲ. ಜಡೆ ಮುಗಿಯೋ ಹೊತ್ತಿಗೆ ನಾನು ಮಲಗಿದ್ದೆ.

ಮಲಗುವ ಮುಂಚೆ ಒಂದು ಮಾತು ಹೇಳಿದ್ದೆ. ನೀವು ಹೋಗಿ ಕಾಕು, ಬೆಳಗ್ಗೆ ಅವಳ ಫೈನಲ್ ಇದೆ, ರೂಮಲ್ಲಿ ಒಬ್ಬಳೇ ಇದ್ದಾಳೆ ಅಂತ. ‘ಆಡಾಕಿ ಆಕಿ. ನಾ ಹೋಗಿ ಸ್ಮ್ಯಾಶ್ ಹೊಡೀಲೇನು?’

ಮಗಳು ಫೈನಲ್ ಸೋತಳು. ಮೂರನೇ ಗೇಮ್ 19-21. ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕಿಕೊಂಡು ಆಡಿದ್ದಳಂತೆ. ಅಮ್ಮ ಗ್ಯಾಲರಿಯಲ್ಲಿ ಇದ್ದಿದ್ದರೆ ಆ ಎರಡು ಪಾಯಿಂಟ್ ಬರುತ್ತಿತ್ತಾ? ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಅವಳು ಮಾತ್ರ ಒಂದು ದಿನವೂ ಆ ಮಾತು ಎತ್ತಿಲ್ಲ. ಕೇಳುವುದು ಒಂದೇ, ನನ್ನ ಕಾಲುಚೀಲ ಯಾವಾಗ ಕೊಡ್ತೀಯೇ ಅಂತ.

ಇನ್ನೊಂದು ವಿಷಯ ಹೇಳಬೇಕು, ಹೇಳೋಕೆ ನಾಚಿಕೆ. ಅದರ ಮುಂದಿನ ತಿಂಗಳು ನಮ್ಮ ದೇಶದ ಹೆಂಗಸರ ಬ್ಯಾಡ್ಮಿಂಟನ್ ತಂಡ ಮಲೇಷ್ಯಾದ ಶಾ ಆಲಂನಲ್ಲಿ ಏಷ್ಯಾ ಟೀಮ್ ಚಾಂಪಿಯನ್‌ಷಿಪ್ ಗೆದ್ದಿತು, ಮೊದಲ ಸಲ. ಫೈನಲ್‌ನಲ್ಲಿ ಥಾಯ್ಲೆಂಡ್ ಜೊತೆ 2-2 ಆಗಿದ್ದಾಗ ಕೊನೆಯ ಮ್ಯಾಚ್ ಗೆದ್ದುಕೊಟ್ಟದ್ದು ಅನ್ಮೋಲ್ ಖರಬ್. 17 ವರ್ಷ. ಆಗ ನನಗೂ 17. ಮನೆಯಲ್ಲಿ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು, ನಾನು ದಿಂಬಿನ ಮೇಲೆ ಕಾಲಿಟ್ಟುಕೊಂಡು ಬಿದ್ದಿದ್ದೆ. ಖುಷಿ ಆಗಲಿಲ್ಲ. ಹೊಟ್ಟೆ ಉರಿಯಿತು. ಟೀವಿ ಆಫ್ ಮಾಡಿ ಅಂತ ಕಿರುಚಿದೆ. ಆ ರಾತ್ರಿ ಕಾಕುಗೆ ಫೋನ್ ಮಾಡಿ ಇದನ್ನೇ ಹೇಳಿಕೊಂಡೆ. ‘ಉರೀಲಿ ಬಿಡು. ಆಡೂ ಆಸೆ ಇದ್ದಾಕೀಗೇ ಉರೀತದ’ ಅಂದರು.

ಆಗ ಎಲ್ಲರ ಬಾಯಲ್ಲೂ ಸೈನಾ ನೆಹ್ವಾಲ್. 2016ರ ಆಗಸ್ಟ್‌ನಲ್ಲಿ ಮೊಣಕಾಲಿನ ಆಪರೇಷನ್ ಆಗಿ, 2017ರ ಜನವರಿಯಲ್ಲಿ ಮಲೇಷ್ಯಾ ಮಾಸ್ಟರ್ಸ್ ಗೆದ್ದರಲ್ಲ, ನೀನು ಯಾವಾಗ ಅಂತ. ಒಳ್ಳೆ ಮನಸ್ಸಿನಿಂದಲೇ ಕೇಳಿದಿರಿ, ಗೊತ್ತು. ಆದರೆ ಅವರ ತೊಂದರೆ ಬೇರೆ, ನನ್ನದು ಬೇರೆ. ದಯವಿಟ್ಟು ಇನ್ನೊಬ್ಬ ಹುಡುಗಿಗೆ ಇದನ್ನು ಕೇಳಬೇಡಿ.

ನನಗೆ ಜಾಸ್ತಿ ತಟ್ಟಿದ್ದು 2024ರ ಪ್ಯಾರಿಸ್ ಒಲಿಂಪಿಕ್ಸ್ ಸೆಮಿಫೈನಲ್. ಗೆಲ್ಲುವ ಹಾದಿಯಲ್ಲಿದ್ದ ಸ್ಪೇನ್‌ನ ಕ್ಯಾರೊಲಿನಾ ಮರಿನ್ ಮೊಣಕಾಲು ಹಿಡಿದು ಕುಸಿದರು. ಎದುರು ಇದ್ದ ಚೀನಾದ ಹೆ ಬಿಂಗ್‌ಜಿಯಾವೊ ಫೈನಲ್‌ಗೆ ಹೋದರು, ಬೆಳ್ಳಿ ತೆಗೆದುಕೊಳ್ಳುವಾಗ ಕೈಯಲ್ಲಿ ಸ್ಪೇನ್‌ನ ಪುಟ್ಟ ಪಿನ್ ಹಿಡಿದು ನಿಂತರು. ಜಗತ್ತೇ ಆ ಫೋಟೋ ಹಂಚಿಕೊಂಡಿತು. ನಾನು ಅದನ್ನು ಕಾಕುಗೆ ಕಳಿಸಿದೆ. ‘ಚಂದ ಐತಿ. ಇವತ್ತು ಎಕ್ಸರ್‌ಸೈಜ್ ಮಾಡೀಯೇನು?’ ಅಂತ ಉತ್ತರ ಬಂತು.

ವಾಪಸ್ ಬಂದ ಮೇಲೆ ನನಗೆ ಕೋರ್ಟಿನಲ್ಲಿ ಒಂದೇ ಒಂದು ಮೂಲೆಯ ಭಯ. ಹಿಂದಿನ ಬ್ಯಾಕ್‌ಹ್ಯಾಂಡ್ ಮೂಲೆ. ಅಲ್ಲಿ ಹಿಂದಕ್ಕೆ ಹಾರಿ ಹೊಡೆದು ಎಡಗಾಲಿನ ಮೇಲೆ ಇಳಿಯಬೇಕು. ನಾನು ಬಿದ್ದದ್ದು ಹಾಗೆಯೇ. ಮೊದಲ ಕ್ವಾಲಿಫೈಯಿಂಗ್ ಮ್ಯಾಚ್‌ನ ಎದುರಾಳಿಗೆ ಇದು ಗೊತ್ತಿತ್ತು, ಬರೀ ಅಲ್ಲಿಗೇ ಎತ್ತಿ ಎತ್ತಿ ಹಾಕಿದಳು. ಆರು ಪಾಯಿಂಟ್ ಹಾರದೇ ಕಳೆದುಕೊಂಡೆ. ಏಳನೆಯದಕ್ಕೆ ಹಾರಿದೆ. ಶಟಲ್ ನೆಟ್ಟಿಗೆ ಬಡಿಯಿತು, ಪಾಯಿಂಟ್ ಹೋಯಿತು. ಕಾಲು ಮಾತ್ರ ನಿಂತಿತು.

ಮ್ಯಾಚ್ ಮುಗಿದ ಮೇಲೆ ಬಂದ ಮೊದಲ ಫೋನ್ ಕಾಕುದು. ಸ್ಕೋರ್ ಕೇಳಲಿಲ್ಲ. ಕಾಲು ಬಾತೈತೇನು ಅಂತ ಕೇಳಿದರು.

ಮುಂದಿನ ತಿಂಗಳ ಟೂರ್ನಿಯಲ್ಲಿ ಅವರ ಮಗಳೂ ನಾನೂ ಡ್ರಾದ ಒಂದೇ ಭಾಗದಲ್ಲಿದ್ದೇವೆ. ಇಬ್ಬರೂ ಎರಡೆರಡು ಮ್ಯಾಚ್ ಗೆದ್ದರೆ ಎದುರುಬದುರು. ಯಾರ ಕಡೆ ಕೂರ್ತೀರಿ ಕಾಕು ಅಂದೆ. ‘ನಟ್ಟನಡುವ. ನೆಟ್ ಕಟ್ಟಿರ್ತಾರಲ್ಲ, ಅಲ್ಲಿ.’

ಕಾಲುಚೀಲ ಒಗೆದು ಇಟ್ಟಿದ್ದೇನೆ. ನನ್ನನ್ನು ಸೋಲಿಸಿದರೆ ಮಾತ್ರ ವಾಪಸ್ ಅಂತ ಅವಳಿಗೆ ಮೆಸೇಜ್ ಹಾಕಿದ್ದೇನೆ.