ಬಿದ್ದ ಮರಕ್ಕೊಂದು ರಹದಾರಿ ಕೊಡಿಸಿ: ಶಾಸಕರಿಗೆ ಮರದ ಶಿಲ್ಪಿಯ ಬಹಿರಂಗ ಪತ್ರ

ಮಡಿಕೇರಿ ಕ್ಷೇತ್ರದ ಮಾನ್ಯ ಶಾಸಕರಿಗೆ,

ಸವಿನಯ ನಮಸ್ಕಾರಗಳು.

ನಾನು ಸೋಮವಾರಪೇಟೆ ತಾಲ್ಲೂಕಿನ ಮಾದಾಪುರದ ಕಡೆಯವನು. ಒಣಗಿ ಬಿದ್ದ ಮರ, ಕಿತ್ತು ಹಾಕಿದ ಕಾಫಿ ಗಿಡದ ಬುಡ, ಮಳೆಗಾಲದಲ್ಲಿ ಹೊಳೆ ದಡಕ್ಕೆ ತಂದು ಒಗೆಯುವ ಬೇರು, ಇವುಗಳಲ್ಲಿ ಕೆತ್ತನೆ ಮಾಡಿ ಸಂಸಾರ ನಡೆಸುತ್ತಿದ್ದೇನೆ. ಈ ಪತ್ರದಲ್ಲಿ ಅನುದಾನದ ಬೇಡಿಕೆಯಾಗಲಿ ಪ್ರಶಸ್ತಿಯ ಬೇಡಿಕೆಯಾಗಲಿ ಇಲ್ಲ. ನನ್ನ ಕೈಗೆ ಬಂದ ಮರ ಎಲ್ಲಿಯದು, ಕೊಟ್ಟವರು ಯಾರು ಎಂಬುದನ್ನು ಹೇಳುವ ಒಂದು ಕಾಗದ ಬೇಕಾಗಿದೆ. ದಾರಿಯಲ್ಲಿ ಯಾರು ತಡೆದರೂ ಅದನ್ನು ಒಪ್ಪಬೇಕು. ಅಷ್ಟನ್ನು ನೀವು ಮಾಡಿಸಿಕೊಡಬಲ್ಲಿರಿ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ನನ್ನ ಕಸುಬು ಶುರುವಾದದ್ದು ಕುಶಾಲನಗರದ ಒಂದು ಬಡಗಿ ಅಂಗಡಿಯಲ್ಲಿ, ಬಾಗಿಲು ಕಿಟಕಿಗಳ ಕೆಲಸದಿಂದ. ಕೊಡವ ಕುಟುಂಬಗಳ ಹಳೆಯ ಮೂಲಮನೆಗಳಾದ ಐನ್‌ಮನೆಗಳ ದುರಸ್ತಿಗೆ ಹೋಗುತ್ತಿದ್ದಾಗ ಅಲ್ಲಿನ ಕಂಬಗಳನ್ನೂ, ಜಗಲಿಯ ಕಂಬಗಳ ನಡುವೆ ಕೂರಲು ಹಾಕಿದ ಐಮರದ ಹಲಗೆಗಳನ್ನೂ ಕೈಯಿಂದ ಸವರಿ ನೋಡುತ್ತಿದ್ದೆ. ತಲೆಮಾರುಗಳು ಕೂತು ಎದ್ದು ನುಣುಪಾದ ಹಲಗೆ, ಅದರ ಪಕ್ಕದ ಕಂಬದಲ್ಲಿ ಇನ್ನೂ ಮಾಸದ ಉಳಿಯ ಗುರುತು. ಇಂಥ ಕೆಲಸ ನನ್ನ ಕೈಯಿಂದಲೂ ಆಗಬೇಕು ಎನ್ನಿಸಿದ್ದು ಅಲ್ಲಿಯೇ. ಕೆತ್ತನೆಗೆ ಒಳ್ಳೆಯ ಹಲಸು ಕೊಳ್ಳುವ ಶಕ್ತಿ ಇರಲಿಲ್ಲ. ತೋಟಗಳಲ್ಲಿ ಸೌದೆಗೆಂದು ರಾಶಿ ಹಾಕಿದ್ದ ಕಾಫಿ ಬುಡಗಳು ಕಣ್ಣಿಗೆ ಬಿದ್ದವು.

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗಿನದು. ಬೀಜದ ಬೆಲೆ ಎಲ್ಲರಿಗೂ ಗೊತ್ತು. ಆ ಗಿಡದ ಮರ ಎಷ್ಟು ಗಟ್ಟಿ, ಅದರ ಎಳೆ ಎಷ್ಟು ನವಿರು ಎಂಬುದು ಉಳಿ ಹಿಡಿದವನಿಗೆ ಮಾತ್ರ ಗೊತ್ತು. ಸಿದ್ದಾಪುರದ ಕಡೆಯ ಹಳೆಯ ರೊಬಸ್ಟಾ ಬುಡಗಳು ದಪ್ಪ. ಬೇರುಗಳು ತಿರುಚಿಕೊಂಡು, ಒಂದರ ಮೇಲೊಂದು ಹತ್ತಿ ಬೆಳೆದಿರುತ್ತವೆ. ನಮ್ಮ ಕಡೆಯ ಅರೇಬಿಕಾ ತೆಳು, ಮೇಲಾಗಿ ಬಿಳಿ ಕಾಂಡಕೊರಕದ ಕಾಟ. ಹುಳು ಹತ್ತಿದ ಗಿಡವನ್ನು ಬುಡಸಮೇತ ಕಿತ್ತು ಸುಡುವುದು ವಾಡಿಕೆ. ಅಂಥ ಕೆಲವನ್ನು ನಾನು ಬೇಡಿ ತಂದು, ಮರಿಹುಳು ಸಾಯುವ ತನಕ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ತೊಗಟೆ ಸುಲಿಯುತ್ತೇನೆ. ಒಳಗೆ ಹುಳು ತಿರುತಿರುಗಿ ಕೊರೆದ ದಾರಿ ಕಾಣಿಸುತ್ತದೆ, ಅದರ ತುಂಬ ಒತ್ತಿ ತುಂಬಿದ ಹುಡಿ. ಆ ಹುಡಿಯನ್ನು ಸೂಜಿಯಿಂದ ಕೆದಕಿ ತೆಗೆಯುವುದಕ್ಕೇ ದಿನಗಟ್ಟಲೆ ಹಿಡಿಯುತ್ತದೆ. ಕಳೆದ ಬಾರಿ ಹಾಗೆ ಸಿಕ್ಕ ಒಂದು ಟೊಳ್ಳಿನಲ್ಲಿ ಮಂಗಟ್ಟೆ ಹಕ್ಕಿಯ ಗೂಡು ಮಾಡಿದೆ. ಹೆಣ್ಣು ಮಂಗಟ್ಟೆ ಪೊಟರೆಯ ಬಾಯಿಯನ್ನು ಒಳಗಿನಿಂದ ಮೆತ್ತಿ ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳು ಉಳಿಸಿ ಮೊಟ್ಟೆಯಿಟ್ಟು ಕೂರುತ್ತದೆ. ಗಂಡು ಹೊರಗಿನಿಂದ ಹಣ್ಣು ತಂದು ಉಣಿಸುತ್ತದೆ. ಆ ಸೀಳನ್ನು ನಾನು ಕೊರೆಯಲಿಲ್ಲ, ಹುಳುವೇ ಕೊರೆದಿತ್ತು. ಕೊಕ್ಕು ಅಲ್ಲಿಗೆ ಬರುವಂತೆ ಗಂಡು ಹಕ್ಕಿಯ ಕತ್ತನ್ನು ಬಾಗಿಸುವುದಷ್ಟೇ ನನ್ನ ಪಾಲಿಗೆ ಉಳಿದಿತ್ತು.

ಈ ಊರಿನ ಮಳೆಯಲ್ಲಿ ಮರ ಒಣಗಿಸುವುದು ದೊಡ್ಡ ಸಾಹಸ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗಿಟ್ಟರೆ ಬೂಷ್ಟು, ಬೆಂಕಿಗೆ ಹತ್ತಿರ ಇಟ್ಟರೆ ಬಿರುಕು. ಕೊಯ್ದ ತುದಿಗಳಿಗೆ ಜೇನುಮೇಣ ಸವರಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಕಾಯಬೇಕು. ಒಂದು ಬುಡ ಉಳಿಗೆ ಬರಲು ವರ್ಷ ಹಿಡಿಯುವುದೂ ಉಂಟು. ಇಷ್ಟು ಕಾದ ಮೇಲೆ ಆ ಕೆಲಸ ಜಿಲ್ಲೆಯ ಗಡಿಯಲ್ಲಿ ನಿಂತುಹೋದರೆ ಹೇಗಿರುತ್ತದೆ, ನೀವೇ ಯೋಚಿಸಿ.

ಹಾಗೆಯೇ ಆಯಿತು. ಬೆಂಗಳೂರಿನ ಒಂದು ಪ್ರದರ್ಶನಕ್ಕೆ ಹೊರಟಿದ್ದ ನನ್ನ ಸಾಮಾನನ್ನು ಒಂದು ತಪಾಸಣಾ ಠಾಣೆಯಲ್ಲಿ ಇಳಿಸಿದರು. ಮರದ ಪರವಾನಗಿ ಎಲ್ಲಿ ಎಂದರು. ಇದು ಕಾಫಿ ಬುಡ, ಕೆತ್ತಿ ಮುಗಿದ ಶಿಲ್ಪ ಎಂದೆ. ಅಲ್ಲಿದ್ದ ಸಿಬ್ಬಂದಿ ಒರಟರೇನಲ್ಲ. ಶಿಲ್ಪಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿ ಮೆಚ್ಚಿಕೊಂಡರು, ಆದರೂ ಬಿಡಲಿಲ್ಲ. ಏನೆಂದು ಬರೆದು ಬಿಡುವುದು ಎಂಬುದು ಅವರಿಗೂ ತಿಳಿಯಲಿಲ್ಲ. ಬಿಡುಗಡೆಯಾಗುವಷ್ಟರಲ್ಲಿ ಪ್ರದರ್ಶನದ ಉದ್ಘಾಟನೆ ಮುಗಿದಿತ್ತು.

ಇದಕ್ಕೆ ಅರಣ್ಯ ಇಲಾಖೆಯೊಂದನ್ನೇ ದೂರುವುದು ನ್ಯಾಯವಲ್ಲ. 1963ರ ಅರಣ್ಯ ಕಾಯ್ದೆ, 1969ರ ನಿಯಮಗಳು, 1976ರ ಮರಗಳ ಸಂರಕ್ಷಣಾ ಕಾಯ್ದೆ ಇಲ್ಲದಿದ್ದರೆ ಕೊಡಗಿನಲ್ಲಿ ಕೆತ್ತಲು ಹಕ್ಕಿಯೂ ಇರುತ್ತಿರಲಿಲ್ಲ, ಮರವೂ ಇರುತ್ತಿರಲಿಲ್ಲ. ಕೈಕಸುಬಿನವರಿಗೆ ಸಡಿಲಿಕೆ ಕೊಟ್ಟರೆ ಮರಗಳ್ಳರು ಅದೇ ಬಾಗಿಲಿನಿಂದ ನುಗ್ಗುತ್ತಾರೆ ಎಂಬ ಅಧಿಕಾರಿಗಳ ಅಂಜಿಕೆಯೂ ಸರಿಯಾದದ್ದೇ. ಆದ್ದರಿಂದ ಬೀಟೆ, ತೇಗ, ಶ್ರೀಗಂಧ ನಮಗೆ ಬೇಡ. ಬೀಟೆಯ ಕುಲವೇ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಅದನ್ನು ಮುಟ್ಟದೆಯೇ ಈ ಕಸುಬು ಬದುಕಬಲ್ಲದು.

ನಮಗೆ ಬೇಕಾಗಿರುವುದು ಕಾಫಿ ಬುಡ, ಸಿಲ್ವರ್ ಓಕ್, ಗಾಳಿಗೆ ಬಿದ್ದ ಹಲಸು, ಹೊಳೆಯ ಬೇರು. ತೋಟದ ಮಾಲೀಕರ ಸಹಿ, ಅರಣ್ಯ ಇಲಾಖೆಯ ಬೀಟ್ ಗಾರ್ಡ್ ನೋಡಿ ಹಾಕಿದ ಮುದ್ರೆ, ಕುಶಲಕರ್ಮಿಯ ಗುರುತಿನ ಚೀಟಿಯ ಸಂಖ್ಯೆ, ಈ ಮೂರೂ ಇರುವ ಒಂದು ಹಾಳೆಯ ರಹದಾರಿ ಸಾಕು. ಒಬ್ಬರಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯನ್ನು ಇಲಾಖೆಯೇ ಹಾಕಲಿ. ಕೆತ್ತಿ ಮುಗಿದ ವಸ್ತುವಿನ ಫೋಟೋ ಅದೇ ಹಾಳೆಯ ಹಿಂಬದಿಗೆ ಅಂಟಿದರೆ ಠಾಣೆಯವರ ಅನುಮಾನವೂ ತೀರುತ್ತದೆ.

ರಿಡೀಂ ಆಗದ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಅದರ ಹಕ್ಕು ಪಡೆಯದ ಜಾಗಗಳ ವಿಚಾರ ಇದಕ್ಕಿಂತ ಕಷ್ಟದ್ದು. ಅಲ್ಲಿನ ಮರ ಸರ್ಕಾರದ್ದಾದ್ದರಿಂದ ಬಿದ್ದರೂ ಮಾಲೀಕರು ಮುಟ್ಟುವುದಿಲ್ಲ, ಎಷ್ಟೋ ಮರ ಬಿದ್ದಲ್ಲೇ ಗೆದ್ದಲಿನ ಪಾಲಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆಯ ಸುತ್ತ ಗುಡ್ಡಗಳೇ ಕುಸಿದು ಬಂದಾಗ ಮಣ್ಣಿನಡಿ ಸೇರಿದ ಮರಕ್ಕೆ ಲೆಕ್ಕವಿಲ್ಲ. ಜನ ಮನೆಮಠ ಕಳೆದುಕೊಂಡ ಹೊತ್ತಿನಲ್ಲಿ ಮರದ ಮಾತು ಯಾರೂ ಎತ್ತಲಿಲ್ಲ, ಎತ್ತಬಾರದಿತ್ತು ಕೂಡ. ಮುಂದೆ ಹೀಗೆ ಬಿದ್ದದ್ದರಲ್ಲಿ ನಾಟಾಕ್ಕೆ ಒದಗದ ಬೊಡ್ಡೆ, ಬೇರು, ಸೀಳುಗಳನ್ನು ಆನೆಕಾಡಿನಲ್ಲಿರುವ ಅರಣ್ಯ ಇಲಾಖೆಯ ಮರದ ಡಿಪೋದಲ್ಲಿ ಬೇರೆಯಾಗಿ ಇಟ್ಟು, ನಿಗದಿತ ದರಕ್ಕೆ ಬಿಡಿಬಿಡಿಯಾಗಿ ಮಾರುವ ಏರ್ಪಾಡು ಆಗಲಿ. ಲಾಟುಗಟ್ಟಲೆ ಹರಾಜು ಕೂಗುವ ಕಡೆ ಒಂದು ಬೊಡ್ಡೆ ಬೇಕಾದವನು ನಿಂತು ಪ್ರಯೋಜನವಿಲ್ಲ.

ಕೈಕಸುಬಿನವರಿಗೆಂದು ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ ಇದೆಯಲ್ಲ ಎಂದು ನೀವು ಕೇಳಬಹುದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಆ ಯೋಜನೆಯ 18 ಕಸುಬುಗಳಲ್ಲಿ ಬಡಗಿಯೂ ಇದ್ದಾನೆ, ಕಲ್ಲು ಕೆತ್ತುವ ಶಿಲ್ಪಿಯೂ ಇದ್ದಾನೆ. ಮರದ ಶಿಲ್ಪಿ ಬಡಗಿಯಾಗಿ ಸೇರಿಕೊಳ್ಳಬೇಕು. ಬಡಗಿ ಕೆಲಸದಿಂದಲೇ ಬಂದ ನನಗೆ ಅದರಲ್ಲಿ ಬೇಸರವಿಲ್ಲ. 15,000 ರೂಪಾಯಿಯ ಉಪಕರಣದ ನೆರವು, ಶೇಕಡಾ 5ರ ಬಡ್ಡಿಯ ಸಾಲ ಒಳ್ಳೆಯದೇ. ಆದರೆ ಹೊಸ ಉಳಿ ಬಂದು ಮರ ಬಾರದಿದ್ದರೆ ಏನು ಮಾಡಲಿ?

ನನ್ನ ಬಳಿ ಕಲಿಯಲು ಬಂದಿದ್ದ ಇಬ್ಬರು ಹುಡುಗರು ಈಗ ಹೋಂಸ್ಟೇ ಕೆಲಸಕ್ಕೆ ಹೋಗುತ್ತಿದ್ದಾರೆ. ಕೈ ಪಳಗಿದ್ದ ಹುಡುಗರು. ಮಾಲು ಸಾಗಿಸುವುದಕ್ಕೇ ಹೆದರಬೇಕಾದ ಕಸುಬಿನಲ್ಲಿ ಯಾಕಿರಬೇಕು ಎಂದು ಒಬ್ಬನ ತಾಯಿ ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ, ನಿಮ್ಮಿಂದ ಸಿಗಬೇಕು. ಪ್ರವಾಸಿಗರು ಮಡಿಕೇರಿಯ ಅಂಗಡಿಗಳಲ್ಲಿ ಕೊಡಗಿನ ನೆನಪಿಗೆಂದು ಹೊರರಾಜ್ಯದ ಮರದ ಆನೆ ಕೊಂಡು ಹೋಗುವುದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮಡಿಕೇರಿ ಮತ್ತು ವಿರಾಜಪೇಟೆ ವಿಭಾಗಗಳ ಅರಣ್ಯಾಧಿಕಾರಿಗಳು, ಕೈಗಾರಿಕಾ ಇಲಾಖೆಯವರು, ಬೆಳೆಗಾರರು ಮತ್ತು ನಮ್ಮಂಥ ಕೆಲವರನ್ನು ಸೇರಿಸಿ ಈ ಮಳೆಗಾಲಕ್ಕೆ ಮುಂಚೆ ಒಂದು ಸಭೆ ಕರೆಯಿರಿ. ರಹದಾರಿಯ ನಮೂನೆ ಹೇಗಿರಬೇಕು ಎಂಬ ಕರಡನ್ನು ನಾನೇ ಬರೆದು ತರುತ್ತೇನೆ. ಜಿಲ್ಲಾ ಮಟ್ಟದಲ್ಲಿ ಆಗದ ತಿದ್ದುಪಡಿ ಏನಾದರೂ ಇದ್ದರೆ ಅದನ್ನು ಮುಂದಿನ ಅಧಿವೇಶನದಲ್ಲಿ ನೀವು ಎತ್ತಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಾದಾಪುರದ ಕಡೆಯ ಒಬ್ಬ ಮರದ ಶಿಲ್ಪಿ